ಮೂತ್ರಕೋಶದ ಗೆಡ್ಡೆ ತೆಗೆಯಲು ವಿದ್ಯುತ್ತೋ ಲೇಸರೋ: ಹೋಲಿಸಿ ನೋಡುವ ಬಗೆ

ಹೊಟ್ಟೆ ಕೊಯ್ಯದೆ, ಮೂತ್ರದ್ವಾರದ ಮೂಲಕವೇ ರೆಸೆಕ್ಟೋಸ್ಕೋಪ್ (ಒಳಗೆ ನೋಡುತ್ತಲೇ ಕತ್ತರಿಸುವ ಕೊಳವೆಯಂಥ ಉಪಕರಣ) ತೂರಿಸಿ ಮೂತ್ರಕೋಶದ ಗೆಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಟಿಯುಆರ್‌ಬಿಟಿ ಎನ್ನುತ್ತಾರೆ. ಇದಕ್ಕೆ ಮೊನೊಪೋಲಾರ್, ಬೈಪೋಲಾರ್, ಲೇಸರ್ ಎಂಬ ಮೂರರಲ್ಲಿ ಯಾವುದು ಲೇಸು ಎಂದು ಕೇಳುವ ಮೊದಲು, ಗೆಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ದರ್ಶಕ ಕೊಳವೆ ಇಳಿಸಿ ನೋಡುವ ಪರೀಕ್ಷೆ) ವರದಿಯಲ್ಲಿ ನೋಡಿಕೊಳ್ಳಬೇಕು.

ಮೊನೊಪೋಲಾರ್‌ನಲ್ಲಿ ವಿದ್ಯುತ್ತು ತಂತಿಯ ಕುಣಿಕೆಯಿಂದ ಹೊರಟು, ದೇಹವನ್ನು ಹಾದು, ಸಾಮಾನ್ಯವಾಗಿ ತೊಡೆಗೆ ಅಂಟಿಸಿದ ಪ್ಯಾಡನ್ನು ಸೇರುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚದುರಿಸುವುದರಿಂದ ಇಲ್ಲಿ ಮೂತ್ರಕೋಶವನ್ನು ತುಂಬಿಸಿ ತೊಳೆಯಲು 1.5% ಗ್ಲೈಸಿನ್‌ನಂಥ ದ್ರವ ಬಳಸುತ್ತಾರೆ. ಅದು ಹೆಚ್ಚಾಗಿ ರಕ್ತಕ್ಕೆ ಸೇರಿದರೆ ಸೋಡಿಯಂ ಕುಸಿಯುವ ಅಪಾಯವಿದೆ. ಬೈಪೋಲಾರ್‌ನಲ್ಲಿ ವಿದ್ಯುತ್ತು ಉಪಕರಣದ ತುದಿಯಲ್ಲೇ ಹೋಗಿ ಬರುವುದರಿಂದ 0.9% ಸಲೈನ್ (ಉಪ್ಪುನೀರು) ಸಾಕು. ಪೇಸ್‌ಮೇಕರ್ ಇರುವವರು ವಿದ್ಯುತ್ತು ಹರಿಯುವ ದಾರಿಯ ಈ ವ್ಯತ್ಯಾಸವನ್ನು ಮುಖ್ಯವಾಗಿ ಗಮನಿಸಬೇಕು.

ಗೆಡ್ಡೆ ಪಕ್ಕದ ಗೋಡೆಯಲ್ಲಿದ್ದರೆ ಲೆಕ್ಕ ಬದಲಾಗುತ್ತದೆ. ಆ ಗೋಡೆಯ ಹೊರಗೇ ಅಬ್ಟ್ಯುರೇಟರ್ ನರ ಹಾದುಹೋಗುತ್ತದೆ. ವಿದ್ಯುತ್ತು ಅದನ್ನು ಕೆಣಕಿದರೆ, ಮೇಜಿನ ಮೇಲೆ ಅಲುಗದೆ ಮಲಗಿದವರ ತೊಡೆ ಥಟ್ಟನೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಆ ಒಂದು ಕ್ಷಣದಲ್ಲಿ ಕುಣಿಕೆ ಗೋಡೆಯನ್ನೇ ತೂತುಮಾಡಬಹುದು. ಬೆನ್ನಿಗೆ ಕೊಡುವ ಅರಿವಳಿಕೆ ಈ ಸೆಳೆತವನ್ನು ತಡೆಯುವುದಿಲ್ಲ, ಬೈಪೋಲಾರ್ ಕೂಡ ಪೂರ್ತಿಯಾಗಿ ತಪ್ಪಿಸುವುದಿಲ್ಲ. ಆದ್ದರಿಂದ ಆ ನರಕ್ಕೆ ಬ್ಲಾಕ್ (ಅದನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು) ಕೊಡುತ್ತೀರೋ, ಪೂರ್ಣ ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸುತ್ತೀರೋ ಎಂದು ಮೊದಲೇ ಕೇಳಿಡಿ. ಹೋಲ್ಮಿಯಂ, ಥುಲಿಯಂ ಲೇಸರ್‌ಗಳಲ್ಲಿ ದೇಹಕ್ಕೆ ವಿದ್ಯುತ್ತು ಹರಿಯದ ಕಾರಣ ಈ ತೊಂದರೆಯಿಲ್ಲ. ಲೇಸರ್‌ನ ನಿಜವಾದ ಹೆಚ್ಚುಗಾರಿಕೆ ನನ್ನ ದೃಷ್ಟಿಯಲ್ಲಿ ಇದೇ.

ಆದರೆ ಲೇಸರ್ ಎಂದ ಮಾತ್ರಕ್ಕೆ ಗೆಡ್ಡೆ ಮರುಕಳಿಸುವುದಿಲ್ಲ ಎಂದು ನಂಬಿ ಹೆಚ್ಚು ಹಣ ತೆರಬೇಕಾಗಿಲ್ಲ. ಗೆಡ್ಡೆಯನ್ನು ಬುಡಸಮೇತ ಒಂದೇ ತುಂಡಾಗಿ ಬಿಡಿಸುತ್ತಾರೋ, ಸುಟ್ಟು ಆವಿ ಮಾಡುತ್ತಾರೋ ಎಂಬುದೇ ಕೇಳಬೇಕಾದ ಪ್ರಶ್ನೆ, ಏಕೆಂದರೆ ಆವಿಯಾದದ್ದು ಬಯಾಪ್ಸಿಗೆ ಸಿಗುವುದಿಲ್ಲ. ಒಂದೇ ತುಂಡಾಗಿ ತೆಗೆಯುವುದು ವಿದ್ಯುತ್ತಿನಿಂದಲೂ ಸಾಧ್ಯ. ಗೆಡ್ಡೆ ತೀರಾ ದೊಡ್ಡದಾಗಿದ್ದರೆ ಮಾತ್ರ, ಯಾವುದರಿಂದ ಬಿಡಿಸಿದರೂ, ಇಡಿಯಾಗಿ ಹೊರತರುವುದು ಕಷ್ಟ.

ಶಸ್ತ್ರಚಿಕಿತ್ಸೆಯ ನಂತರ ಪೆಥಾಲಜಿ ವರದಿ ಬಂದಾಗ ‘ಡೆಟ್ರೂಸರ್ ಸ್ನಾಯು ಇದೆ’ ಎಂಬ ಸಾಲನ್ನು ಹುಡುಕಿ. ಮೂತ್ರಕೋಶದ ಗೋಡೆಯ ಆ ಪದರ ಮಾದರಿಯಲ್ಲಿ ಇಲ್ಲದಿದ್ದರೆ ಕ್ಯಾನ್ಸರ್ ಎಷ್ಟು ಆಳಕ್ಕಿಳಿದಿದೆ ಎಂದು ಖಚಿತವಾಗಿ ಹೇಳಲಾಗದು. ಹಾಗಾದಾಗಲೂ, ಟಿ1 ಹಂತ (ಒಳಪದರ ದಾಟಿದರೂ ಸ್ನಾಯುವನ್ನು ಮುಟ್ಟದ ಕ್ಯಾನ್ಸರ್) ಎಂದು ಬಂದಾಗಲೂ, ಯಾವ ಯಂತ್ರ ಬಳಸಿದ್ದರೂ ಸಾಮಾನ್ಯವಾಗಿ 2ರಿಂದ 6 ವಾರಗಳೊಳಗೆ ಅದೇ ಜಾಗವನ್ನು ಮತ್ತೊಮ್ಮೆ ಕೆರೆದು ನೋಡುತ್ತಾರೆ.