ಟೋಕಿಯೊದಿಂದ ಒಂದು ದಿನದ ಪ್ರವಾಸ: ಮೊದಲು ಊಟದ ಜಾಗ, ಆಮೇಲೆ ನೋಡುವ ಜಾಗ

ನಿಕ್ಕೋಗೆ ಮೊದಲ ಸಲ ಹೋದ ದಿನ ನಮ್ಮ ಮಧ್ಯಾಹ್ನದ ಊಟ ಆಗಿದ್ದು ಸಂಜೆ ಐದೂವರೆಗೆ, ವಾಪಸು ಬರುವ ರೈಲಿನಲ್ಲಿ. ಮೂವರಿಗೆ ನಾಲ್ಕು ಬಾಳೆಹಣ್ಣು, ಒಂದು ಪೊಟ್ಟಣ ಉಪ್ಪಿನ ಚಿಪ್ಸ್. ಒಂದು ಕಾಲಕ್ಕೆ ಜಪಾನನ್ನು ಆಳಿದ ಸೇನಾನಾಯಕ ಟೊಕುಗಾವ ಇಯೆಯಾಸುವಿನ ತೋಶೋಗು ದೇಗುಲವನ್ನು ನಿಧಾನವಾಗಿ ನೋಡಿ ಇಳಿದು ಬರುವಷ್ಟರಲ್ಲಿ ಗಂಟೆ ಎರಡೂ ಮುಕ್ಕಾಲು. ಮೊದಲೇ ಗುರುತು ಮಾಡಿಕೊಂಡಿದ್ದ ಹೋಟೆಲಿನ ಮುಂದೆ ನಿಂತಾಗ, ಅಲ್ಲಿನ ಹೆಂಗಸು ಬಾಗಿಲಿಗೆ ಇಳಿಬಿಟ್ಟಿದ್ದ ಬಟ್ಟೆಯ ಪರದೆಯನ್ನು ಕೋಲಿನ ಸಮೇತ ಎತ್ತಿ ಒಳಗೆ ಒಯ್ಯುತ್ತಿದ್ದರು. ಈ ಪರದೆಗೆ ನೋರೆನ್ ಎನ್ನುತ್ತಾರೆ. ಅದು ಹೊರಗಿದ್ದರೆ ಹೋಟೆಲು ತೆರೆದಿದೆ, ಒಳಗೆ ಹೋಯಿತೆಂದರೆ ಮುಗಿಯಿತು. ಅವರು ಸೊಂಟ ಬಗ್ಗಿಸಿ ಎರಡು ಸಲ ಕ್ಷಮೆ ಕೇಳಿದರು. ಪಕ್ಕದ ಹೋಟೆಲೂ ಅಷ್ಟೇ, ಅದರ ಪಕ್ಕದ್ದೂ ಅಷ್ಟೇ.

ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಅವತ್ತು ಏನೂ ಹೇಳಲಿಲ್ಲ. ಆದರೆ ಎಪ್ಪತ್ತು ದಾಟಿದವರನ್ನು ಬೆಳಗಿನಿಂದ ಮೆಟ್ಟಿಲು ಹತ್ತಿಸಿ ಹಸಿದ ಹೊಟ್ಟೆಯಲ್ಲಿ ಕೂರಿಸಿದ್ದು ನನ್ನನ್ನು ಬಹಳ ದಿನ ಕಾಡಿತು. ಅಲ್ಲಿಂದ ಮುಂದೆ ನನ್ನ ಕ್ರಮ ತಿರುಗಿತು. ಎಲ್ಲಿ ಏನು ನೋಡುವುದು ಎನ್ನುವುದಕ್ಕಿಂತ ಮೊದಲು ಎಲ್ಲಿ, ಎಷ್ಟು ಗಂಟೆಗೆ, ಏನು ತಿನ್ನುವುದು ಎಂದು ನಿಶ್ಚಯ ಮಾಡುತ್ತೇನೆ.

ನಾವಿರುವುದು ನಿಶಿ-ಕಸಾಯ್‌ನಲ್ಲಿ. ಟೋಕಿಯೊದಲ್ಲಿ ನಮ್ಮ ದೇಶದವರು ಹೆಚ್ಚಾಗಿರುವ ಬಡಾವಣೆ ಇದು. ತೊಗರಿಬೇಳೆ, ಕರಿಬೇವು, ದೋಸೆ ಎಲ್ಲ ನಡೆದು ಹೋಗುವಷ್ಟು ದೂರದಲ್ಲೇ ಸಿಗುತ್ತವೆ. ಹಾಗಾಗಿ ನಮ್ಮಂಥ ಸಸ್ಯಾಹಾರಿಗಳಿಗೆ ಕಷ್ಟ ಶುರುವಾಗುವುದು ಊರು ದಾಟಿದ ಮೇಲೆ. ಮಾಂಸ, ಮೀನು ಎರಡೂ ಕಣ್ಣಿಗೆ ಕಾಣುತ್ತವೆ. ದಾಶಿ ಮಾತ್ರ ಕಾಣುವುದಿಲ್ಲ. ನಮ್ಮಲ್ಲಿ ಬೇಳೆಕಟ್ಟು ಹೇಗೋ ಜಪಾನಿನ ಅಡುಗೆಗೆ ದಾಶಿ ಹಾಗೆ, ಅದಿಲ್ಲದೆ ಸಾರಿಲ್ಲ, ಪಲ್ಯವಿಲ್ಲ. ಸಾಮಾನ್ಯವಾಗಿ ಅದನ್ನು ತೆಗೆಯುವುದು ಕತ್ಸುವೊಬುಶಿಯಿಂದ, ಅಂದರೆ ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಮೀನಿನಿಂದ. ನಾನು ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಬರೀ ತರಕಾರಿ ಹಾಕಿದ ಬಟ್ಟಲು ಬರುತ್ತದೆ, ಅದರ ರಸ ಮೀನಿನದೇ. ಆದ್ದರಿಂದ ನಾನು ಕೇಳುವುದು ಒಂದೇ ಪ್ರಶ್ನೆ: 'ದಾಶಿ ವಾ ನಾನ್ ದೆಸ್ ಕಾ?' ದಾಶಿ ಯಾವುದರದ್ದು? ಕೊಂಬು ಎಂದರೆ ಕಡಲಪಾಚಿ, ಶಿಟಾಕೆ ಎಂದರೆ ಅಣಬೆ. ಈ ಎರಡರಲ್ಲಿ ಒಂದು ಬಂದರೆ ಕೂರುತ್ತೇನೆ. ಆದರೆ ಊಟದ ಹೊತ್ತಿನ ಗಡಿಬಿಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಪಾಪ, ಅವರಿಗೂ ಉತ್ತರಿಸಲು ಪುರುಸೊತ್ತಿರುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ಮೂರರ ಮೇಲೆ ಫೋನ್ ಮಾಡುತ್ತೇನೆ. ಆಗ ಅಡುಗೆಮನೆ ಖಾಲಿಯಿರುತ್ತದೆ, ಅಡುಗೆ ಮಾಡುವವರೇ ಬಂದು ಮಾತಾಡುತ್ತಾರೆ. ನಾಳೆ ರಜೆಯೋ ಇಲ್ಲವೋ ಎನ್ನುವುದೂ ಅದೇ ಫೋನಿನಲ್ಲಿ ತಿಳಿಯುತ್ತದೆ. ಪ್ರವಾಸಿ ಊರುಗಳಲ್ಲಿ ವಾರದ ನಡುವೆ ಮುಚ್ಚುವ ಹೋಟೆಲುಗಳು ಬಹಳ.

ಎರಡನೇ ಸಲ ನಿಕ್ಕೋಗೆ ಹೋದಾಗ ಅಸಾಕುಸಾದಿಂದ ಬೆಳಗಿನ ತೋಬು ರೈಲು ಹಿಡಿದೆವು. ಸುಮಾರು ಎರಡು ಗಂಟೆಯ ದಾರಿ. ಮೊದಲು ದೇಗುಲ ನೋಡಿಕೊಂಡು ಹನ್ನೊಂದಕ್ಕೆಲ್ಲ ಕೆಳಗಿಳಿದು, ಹೋಟೆಲಿನ ನೋರೆನ್ ಹೊರಗೆ ಬರುವಾಗ ನಾವು ಬಾಗಿಲಲ್ಲಿದ್ದೆವು. ನಿಕ್ಕೋದಲ್ಲಿ ತಿನ್ನಬೇಕಾದದ್ದು ಯುಬಾ. ಸೋಯಾ ಹಾಲನ್ನು ಅಗಲವಾದ ಪಾತ್ರೆಯಲ್ಲಿ ಕಾಯಿಸಿದರೆ ಮೇಲೆ ಪದರ ಕಟ್ಟುತ್ತದಲ್ಲ, ಅದು. ಕ್ಯೋಟೊದಲ್ಲಿ ಪದರದ ಅಂಚು ಹಿಡಿದು ಎತ್ತುತ್ತಾರೆ, ತೆಳ್ಳಗೆ ಒಂದೇ ಪದರ ಬರುತ್ತದೆ. ನಿಕ್ಕೋದವರು ನಡುವೆ ಕಡ್ಡಿ ತೂರಿಸಿ ಎತ್ತುತ್ತಾರೆ. ಪದರ ಎರಡಾಗಿ ಮಡಚಿಕೊಳ್ಳುತ್ತದೆ, ನಡುವೆ ಸ್ವಲ್ಪ ಹಾಲು ಉಳಿಯುತ್ತದೆ. ಹಾಗಾಗಿ ಇಲ್ಲಿನ ಯುಬಾ ದಪ್ಪ, ಕಚ್ಚಿದರೆ ಒಳಗಿಂದ ಹಾಲು ಒಸರುತ್ತದೆ. ಅಮ್ಮ ಚಾಪ್‌ಸ್ಟಿಕ್ ಪಕ್ಕಕ್ಕಿಟ್ಟು ಚಮಚದಲ್ಲಿ ಒಂದು ತುಂಡು ಎತ್ತಿಕೊಂಡು, "ಎಂತದಾ ಇದು, ಎಮ್ಮೆ ಹಾಲಿನ ಕೆನೆ ಇದ್ದಂಗೆ ಇದೆ" ಎಂದರು. ಎರಡನೇ ಬಟ್ಟಲು ತರಿಸಿದೆವು.

ಒಂದು ಎಚ್ಚರಿಕೆ ಇದೆ. ನಿಕ್ಕೋದ ಹೆಸರಾಂತ ಸುರುಳಿ ಯುಬಾವನ್ನು ಸಾಮಾನ್ಯವಾಗಿ ದಾಶಿಯಲ್ಲೇ ಬೇಯಿಸಿರುತ್ತಾರೆ. ಹಸಿಯಾಗಿ, ಸೋಯಾ ಸಾಸ್ ಮತ್ತು ವಸಾಬಿ ಜೊತೆ ಕೊಡುವುದು ನಮಗೆ ಸರಿ. ರೈಲು ನಿಲ್ದಾಣದ ಎದುರು ಯುಬಾ ಸೇರಿಸಿದ ಮಂಜು ಎಂಬ ಸಿಹಿ ಕಡುಬನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಮೇಲೆ ಉಪ್ಪು ಉದುರಿಸಿ ಕೊಡುತ್ತಾರೆ. ಒಳಗೆ ಅಲಸಂದೆ ಜಾತಿಯ ಕಾಳಿನ ಸಿಹಿ ಹೂರಣ. ನಮ್ಮ ಸುಕ್ಕಿನುಂಡೆ ತಿಂದವರಿಗೆ ಅದು ಹೊಸದೆನಿಸುವುದಿಲ್ಲ.

ಅಮ್ಮನನ್ನು ಕರೆದೊಯ್ದ ಜಾಗಗಳಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟದ್ದು ತಕಾವೊ ಬೆಟ್ಟ. ಶಿಂಜುಕುವಿನಿಂದ ಕೇಯೊ ರೈಲಿನಲ್ಲಿ ಒಂದು ಗಂಟೆಯೊಳಗೆ ಬುಡ ಸೇರಬಹುದು. ಎತ್ತರ 599 ಮೀಟರ್ ಅಷ್ಟೇ, ಅರ್ಧ ದಾರಿಗೆ ಕೇಬಲ್ ಕಾರ್ ಇದೆ. ಮೇಲಿನ ಯಾಕುವೊ-ಇನ್ ದೇವಸ್ಥಾನದಲ್ಲಿ ಮೊದಲೇ ಹೇಳಿಟ್ಟರೆ ಶೋಜಿನ್ ರ್‍ಯೋರಿ ಬಡಿಸುತ್ತಾರೆ. ಬೌದ್ಧ ಸನ್ಯಾಸಿಗಳ ಅಡುಗೆ ಇದು. ಮಾಂಸ, ಮೀನು ಇಲ್ಲ ಎನ್ನುವುದು ಸರಿ. ಸಂಪ್ರದಾಯದಲ್ಲಿ ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟಿನ ಗೆಡ್ಡೆಗಳೂ ನಿಷಿದ್ಧ. ಇದನ್ನು ಹೇಳಿದಾಗ ಅಮ್ಮನ ಮುಖ ಅರಳಿತು. ಚಾತುರ್ಮಾಸ್ಯದ ಅಡುಗೆ ಮಾಡಿ ಗೊತ್ತಿದ್ದವರು ಅವರು. ಚಾಪೆ ಹಾಸಿದ ಕೋಣೆ, ಎದುರಿಗೆ ತಟ್ಟೆ, ಅದರ ತುಂಬ ಪುಟ್ಟ ಪುಟ್ಟ ಬಟ್ಟಲು. ಎಳ್ಳು ಅರೆದು ಗಟ್ಟಿ ಮಾಡಿದ ತುಂಡೊಂದು, ಬೇಯಿಸಿದ ಬೇರುಗಳು, ಉಪ್ಪಿನಕಾಯಿ, ಅನ್ನ. ಕೊನ್ಯಾಕು ಎಂಬ ಬೂದು ಬಣ್ಣದ ತುಂಡು ಯಾವುದರಿಂದ ಆಗಿದ್ದೆಂದು ಅಮ್ಮ ಕೇಳಿದರು. ಅದು ನಮ್ಮ ಸುವರ್ಣಗೆಡ್ಡೆಯ ದಾಯಾದಿ, ಒಂದೇ ಕುಲದ ಗಿಡ. ಅಗಿದರೆ ರಬ್ಬರಿನಂತೆ ಜಾರುತ್ತದೆ, ನನಗೆ ಇವತ್ತಿಗೂ ಅಷ್ಟಕ್ಕಷ್ಟೆ. ಅಮ್ಮ ಪೂರ್ತಿ ತಿಂದರು.

ಈ ಊಟಕ್ಕೆ ಹಾಗೇ ಹೋಗಿ ನಿಂತರೆ ಆಗುವುದಿಲ್ಲ, ಫೋನ್ ಮಾಡಿ ಜಾಗ ಹಿಡಿಯಲೇಬೇಕು. ಆಗದಿದ್ದರೆ ಬೆಟ್ಟದ ಬುಡದಲ್ಲಿ ಸೋಬಾ ಎಂಬ ಬಕ್‌ವೀಟ್ ಹಿಟ್ಟಿನ ಶಾವಿಗೆಯ ಹೋಟೆಲುಗಳ ಸಾಲೇ ಇದೆ. ಅಲ್ಲಿನ ಹೆಸರುವಾಸಿ ತೊರೊರೊ ಸೋಬಾ, ಅಂದರೆ ಹೆಗ್ಗೆಣಸಿನ ಜಾತಿಯ ಗೆಡ್ಡೆಯನ್ನು ಹಸಿಯಾಗಿ ತುರಿದು ಲೋಳೆ ಲೋಳೆಯಾಗಿ ಸುರಿದದ್ದು. ತುರಿಗೆ ದಾಶಿ ಬೆರೆಸುವ ರೂಢಿ ಇರುವುದರಿಂದ ನಾನು ತಗೊಳ್ಳುವುದು ಬಿದಿರ ತಟ್ಟೆಯ ಮೇಲೆ ಬರುವ ತಣ್ಣನೆಯ ಜರು ಸೋಬಾ. ಅದ್ದಿಕೊಳ್ಳುವ ರಸ ಬೇಡ, ಉಪ್ಪು ಕೊಡಿ ಎನ್ನುತ್ತೇನೆ. ಒಳ್ಳೆಯ ಸೋಬಾವನ್ನು ಬರೀ ಉಪ್ಪಿನಲ್ಲಿ ತಿನ್ನುವವರು ಜಪಾನೀಯರಲ್ಲೇ ಇದ್ದಾರೆ, ಹಾಗಾಗಿ ಯಾರೂ ಹುಬ್ಬೇರಿಸುವುದಿಲ್ಲ. ಹಿಟ್ಟಿನ ನಿಜವಾದ ವಾಸನೆ ಹಾಗೆ ತಿಂದಾಗಲೇ ಮೂಗಿಗೆ ಬರುತ್ತದೆ. ಕೊನೆಗೆ ಸೋಬಾ ಬೇಯಿಸಿದ ಬಿಸಿನೀರನ್ನು ಹೂಜಿಯಲ್ಲಿ ತಂದಿಡುತ್ತಾರೆ, ಹೆಸರು ಸೋಬಾಯು. ಚಿಟಿಕೆ ಉಪ್ಪು ಹಾಕಿ ಕುಡಿದರೆ ಅನ್ನ ಬಸಿದ ಗಂಜಿತಿಳಿಯೇ. ನವೆಂಬರಿನ ಚಳಿಯಲ್ಲಿ ಎರಡು ಲೋಟ ಕುಡಿದಿದ್ದೇನೆ.

ಕಮಾಕುರಾದಲ್ಲಿ ಎಲ್ಲರೂ ತಿಂಡಿ ಅಂಗಡಿಗಳ ಕೊಮಾಚಿ ಬೀದಿಯಲ್ಲಿ ಸಾಲು ನಿಲ್ಲುತ್ತಾರೆ. ಆ ಗದ್ದಲದಲ್ಲಿ ನಡೆಯುತ್ತಾ ತಿನ್ನಬೇಡಿ. ಜನಸಂದಣಿಯಲ್ಲಿ ಹಾಗೆ ತಿಂದು ಬೇರೆಯವರ ಬಟ್ಟೆ ಕೊಳೆ ಮಾಡಬಾರದೆಂದು ನಗರಾಡಳಿತ 2019ರಲ್ಲಿ ನಿಯಮವನ್ನೇ ತಂದಿದೆ. ದಂಡವಿಲ್ಲ, ಆದರೂ ಕೊಂಡ ಅಂಗಡಿಯ ಮುಂದೆ ನಿಂತು ತಿಂದು ಕಾಗದ ಅಲ್ಲೇ ಕೊಡುವುದು ಲಕ್ಷಣ. ನಾನು ಹುಡುಕಿಕೊಂಡು ಹೋಗುವುದು ಕೆಂಚಿನ್-ಜಿರು ಎಂಬ ಸಾರನ್ನು. 1253ರಲ್ಲಿ ಸ್ಥಾಪನೆಯಾದ ಕೆಂಚೊ-ಜಿ ಮಠದ್ದೇ ಅದು ಎಂಬುದು ಇಲ್ಲಿನವರ ನಂಬಿಕೆ. ಕೆಳಗೆ ಬಿದ್ದು ಒಡೆದ ತೋಫುವನ್ನು ಚೀನಾದಿಂದ ಬಂದ ಗುರು ತೊಳೆದು ಸಾರಿಗೆ ಹಾಕಿದರಂತೆ. ಮೂಲಂಗಿ, ಗಜ್ಜರಿ, ಕೆಸುವಿನ ಗೆಡ್ಡೆ, ಪುಡಿ ತೋಫು ಎಲ್ಲವನ್ನೂ ಎಳ್ಳೆಣ್ಣೆಯಲ್ಲಿ ಬಾಡಿಸಿ ಕುದಿಸುತ್ತಾರೆ. ಮಠದ ಕ್ರಮದಲ್ಲಿ ಮೀನಿಲ್ಲ. ಹೋಟೆಲುಗಳಲ್ಲಿ ಮೀನಿನ ದಾಶಿ ಬಂದು ಸೇರಿಕೊಂಡಿದೆ, ಇಲ್ಲೂ ಅದೇ ಪ್ರಶ್ನೆ ಕೇಳಿ. ಮೀನು ತಿನ್ನುವ ಗೆಳೆಯರು ಹಸಿ ಶಿರಾಸು ಎಂಬ ಮರಿಮೀನಿಗೆಂದೇ ಈ ಕಡಲತೀರಕ್ಕೆ ಬರುತ್ತಾರೆ. ಜನವರಿ 1ರಿಂದ ಮಾರ್ಚ್ 10ರವರೆಗೆ ಅದನ್ನು ಹಿಡಿಯುವಂತಿಲ್ಲ, ಆಗ ತಾಜಾ ಮೀನು ಕೇಳಿ ಫಲವಿಲ್ಲ.

ಕವಗೊಯೆಗೆ ಊಟದ ಚಿಂತೆ ಇಟ್ಟುಕೊಂಡು ಹೋಗುವ ಅಗತ್ಯವಿಲ್ಲ. ಇಕೆಬುಕುರೊದಿಂದ ಅರ್ಧ ಗಂಟೆ, ಊರ ತುಂಬ ಗೆಣಸು: ಸುಟ್ಟದ್ದು, ಕರಿದದ್ದು, ಐಸ್‌ಕ್ರೀಮ್ ಮಾಡಿದ್ದು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಕೈಕೊಡಬಹುದು. ಅದಕ್ಕೆ ಮನೆಯಿಂದ ಹೊರಡುವಾಗ ಪುಳಿಯೋಗರೆ ಒಂದು ಡಬ್ಬಿ ಇರುತ್ತದೆ. ದೂರದ ವೇಗದ ರೈಲಿನ ಸೀಟಿನಲ್ಲಿ ಕೂತು ತಿನ್ನಬಹುದು, ಎಲ್ಲರೂ ಬೆಂತೊ ಎಂಬ ಊಟದ ಡಬ್ಬಿ ಬಿಚ್ಚುತ್ತಾರೆ. ಊರೊಳಗಿನ ಲೋಕಲ್ ರೈಲಿನಲ್ಲಿ ಬಿಚ್ಚಬೇಡಿ. ಡಬ್ಬಿ ಇಲ್ಲದ ದಿನ ಕನ್ವೀನಿಯನ್ಸ್ ಅಂಗಡಿಯ ಬರೀ ಉಪ್ಪಿನ ಒನಿಗಿರಿ, ಅಂದರೆ ಅನ್ನದ ಉಂಡೆ ಸಾಕು. ಉಪ್ಪಿನಲ್ಲಿಟ್ಟ ಹಣ್ಣಿನ ಉಮೆ ಒನಿಗಿರಿ ನೋಡಲು ಶುದ್ಧ ಸಸ್ಯಾಹಾರ. ಆದರೆ ಹಿಂಬದಿಯ ಸಣ್ಣಕ್ಷರದಲ್ಲಿ ಕತ್ಸುವೊ ಎಂದು ಇದೆಯೋ ಎಂದು ಫೋನಿನ ಕ್ಯಾಮೆರಾ ಹಿಡಿದು ಓದಿಕೊಂಡೇ ದುಡ್ಡು ಕೊಡಿ. ಕಡ್ಡಾಯವಾಗಿ ಎದ್ದು ಕಾಣಿಸಬೇಕಾದ ಅಲರ್ಜಿ ಪಟ್ಟಿಯಲ್ಲಿ ಸೀಗಡಿ, ಏಡಿ ಇವೆ, ಮೀನು ಇಲ್ಲ.