ಹಾರ ಬಿಟ್ಟು ಟ್ರಂಕು ತೆಗೆಸಿದ ಮೇಲೆ

ಬೈಲಹೊಂಗಲ ತಾಲ್ಲೂಕಿನ ನಮ್ಮೂರಿನಲ್ಲಿ ನಿವೃತ್ತರಾಗಿ ಬಂದ ಸೈನಿಕರನ್ನು ತೆರೆದ ಜೀಪಿನಲ್ಲಿ ಮೆರೆಸುವುದು ರೂಢಿ. ನಾವೂ ಎರಡು ಸಲ ಮೆರೆಸಿದೆವು. ಸಲಕ್ಕೆ ಸುಮಾರು 18 ಸಾವಿರ ಖರ್ಚು. ಮೂರು ತಿಂಗಳಾದ ಮೇಲೆ ಹಾಗೆ ಮೆರೆಸಿದ ಹವಾಲ್ದಾರರೊಬ್ಬರು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ಹಿಡಿದು ನನ್ನ ಸೇವಾ ಕೇಂದ್ರದ ಬಾಗಿಲಿಗೆ ಬಂದರು. ಹೆಂಡತಿಯ ಹೆಸರಿನ ಕೊನೆಗೆ ಪಿಂಚಣಿ ಆದೇಶದಲ್ಲಿ ‘ಬಾಯಿ’, ಆಧಾರ್‌ನಲ್ಲಿ ‘ಅವ್ವ’. ನಾಳೆ ಕುಟುಂಬ ಪಿಂಚಣಿಯ ಮಾತು ಬಂದರೆ ಆ ಎರಡಕ್ಷರಕ್ಕೆ ಆಕೆ ವರ್ಷಗಟ್ಟಲೆ ಅಲೆಯಬೇಕು. ಜೀಪಿನ ಬಾಡಿಗೆ ನೆನೆದು ಹೊಟ್ಟೆ ಉರಿಯಿತು.

ನಡುವೆ ಐದು ಮಂದಿಗೆ ಕಾವಲುಗಾರರ ಕೆಲಸ ಕೊಡಿಸಿದೆ. 12 ತಾಸಿನ ಪಾಳಿ, 11 ಸಾವಿರ ಸಂಬಳ. ಎರಡು ತಿಂಗಳಲ್ಲಿ ನಾಲ್ವರು ಬಿಟ್ಟರು. ತಪ್ಪು ನನ್ನದೇ, ಏನು ಬೇಕೆಂದು ಅವರನ್ನು ಕೇಳಿರಲಿಲ್ಲ.

ಆಮೇಲೆ ಹಿಡಿದ ದಾರಿ ಬೇರೆ. ನಿವೃತ್ತಿಗೆ ವರ್ಷ ಇರುವಾಗಲೇ, ರಜೆಗೆ ಬಂದವರಿಂದ ಕಾಗದಪತ್ರವಿಡುವ ಕರಿ ಟ್ರಂಕು ತೆಗೆಸುತ್ತೇನೆ. ಹೆಂಡತಿ ಮಕ್ಕಳ ಹೆಸರು, ಜನ್ಮದಿನಾಂಕ, ಜಂಟಿ ಖಾತೆ ಎಲ್ಲವನ್ನೂ ಆಧಾರ್ ಜೊತೆ ಸಾಲು ಸಾಲಾಗಿ ತಾಳೆ ನೋಡುತ್ತೇವೆ. ಸೇವೆಯಲ್ಲಿದ್ದಾಗ ತಿದ್ದುಪಡಿ ಯೂನಿಟ್ಟಿನ ಗುಮಾಸ್ತರ ಮೇಜಿನಲ್ಲೇ ಶುರುವಾಗುತ್ತದೆ. ಮನೆಗೆ ಬಂದ ಮೇಲಾದರೆ ದಳದ ದಾಖಲೆ ಕಚೇರಿಗೆ ಪ್ರಮಾಣಪತ್ರ, ಅಂಚೆ, ಕಾಯುವಿಕೆ. ಮರಾಠಾ ಲಘು ಪದಾತಿದಳದವರ ದಾಖಲೆ ಕಚೇರಿ ಬೆಳಗಾವಿಯಲ್ಲೇ ಇದೆ, ಬಸ್ ಹತ್ತಿದರಾಯಿತು. ತೋಪುಪಡೆಯವರದು ನಾಸಿಕ್ ರೋಡ್, ಸೇನೆಯ ಯಂತ್ರೋಪಕರಣ ದುರಸ್ತಿಯ ದಳವಾದ ಇಎಂಇಯವರದು ಸಿಕಂದರಾಬಾದ್.

ಸೈನಿಕರ ಕಾಗದಕ್ಕೆ ಊರವರು ಕೈ ಹಾಕುವುದೇ ಎಂದು ಹಿರಿಯ ಸುಬೇದಾರರೊಬ್ಬರು ಗದರಿದ್ದರು. ಈಗ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ವರ್ಷಕ್ಕೊಮ್ಮೆ ಕೊಡುವ ಜೀವಿತ ಪ್ರಮಾಣಪತ್ರಕ್ಕೆ ಅವರೂ ನನ್ನಲ್ಲಿಗೇ ಬರುತ್ತಾರೆ. ನೆನಪಿದ್ದಂತೆ, ಹೀಗೆ ಟ್ರಂಕು ತೆಗೆಸಿದ 14 ಮಂದಿಯಲ್ಲಿ 11 ಮಂದಿಗೆ ಪಿಂಚಣಿ ಒಂದು ತಕರಾರೂ ಇಲ್ಲದೆ ಶುರುವಾಯಿತು. ಒಂದೂವರೆ ವರ್ಷದ ಒಟ್ಟು ಖರ್ಚು 9 ಸಾವಿರ ದಾಟಿಲ್ಲ.  ಸಂಕೋಚದವರು ಟ್ರಂಕು ತೆಗೆಯುವಂತೆ ಮಾಡುವ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಅವರ ತಾಯಂದಿರ ಮೂಲಕ ಸಾಗುತ್ತದೆ ಎಂದಷ್ಟೇ ಹೇಳುತ್ತೇನೆ.

ನಿವೃತ್ತರಲ್ಲಿ ಮನೆ ಬಿಟ್ಟು ಹೊರಬರದ ಒಬ್ಬರಿದ್ದರು. ಸೇನಾ ಭರ್ತಿಗೆ ತಯಾರಾಗುವ ಹುಡುಗರಿಗೆ 1.6 ಕಿಲೋಮೀಟರ್ ಓಟ ಕಲಿಸಿಕೊಡಿ ಎಂದು ಕೈಮುಗಿದೆ. ಮಳೆಯಲ್ಲಿ ಎರೆಮಣ್ಣು ಬೂಟಿಗೆ ಮುದ್ದೆಯಾಗಿ ಅಂಟಿ ಮೊದಲ ವಾರವೇ ಓಟ ನಿಂತಿತು. ಕಾಲುವೆ ದಂಡೆಯ ಗಟ್ಟಿ ದಾರಿ ಹುಡುಕಿದವರು ಅವರೇ. ಈಗ ಬೆಳಗಿನ ಐದಕ್ಕೆ ಅವರ ಸೀಟಿ ಕೇಳುತ್ತದೆ.

ದೀಪಾವಳಿಗೆ ಇನ್ನಿಬ್ಬರು ರಜೆಗೆ ಬರುತ್ತಿದ್ದಾರೆ. ಒಬ್ಬರ ಮಗಳ ಜನ್ಮದಿನಾಂಕ ಶಾಲೆಯ ದಾಖಲೆಯಲ್ಲಿ ಬೇರೆಯಿದೆ. ಸೋಮವಾರ ಮುಖ್ಯಾಧ್ಯಾಪಕರನ್ನು ಕಾಣಬೇಕು.