ಪ್ರೆಸ್ ಶಾಪ್‌ನಲ್ಲಿ ಲೀನ್: ಡೈ ಬದಲಾವಣೆಯಿಂದ ಆರಂಭಿಸಿ

ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಲೀನ್ (ವ್ಯರ್ಥವನ್ನು ತೊಡೆದುಹಾಕುವ ಉತ್ಪಾದನಾ ಕ್ರಮ) ಎಂದರೆ ಗೋಡೆಯ ಮೇಲೊಂದು 5ಎಸ್ (ಕೆಲಸದ ಜಾಗವನ್ನು ಓರಣವಾಗಿಡುವ ಪದ್ಧತಿ) ಫಲಕ, ನೆಲದ ಮೇಲೆ ಹಳದಿ ಗೆರೆ ಎಂಬ ಭಾವನೆಯಿದೆ. ಅವು ಬೇಡವೆಂದಲ್ಲ, ಆದರೆ ತಗಡನ್ನು ಒತ್ತಿ ಬಿಡಿಭಾಗ ಮಾಡುವ ಪವರ್ ಪ್ರೆಸ್ ಇರುವಲ್ಲಿ ಮೊದಲು ಕೈಹಾಕಬೇಕಾದದ್ದು ಡೈ (ಭಾಗಕ್ಕೆ ಆಕಾರ ಕೊಡುವ ಅಚ್ಚು) ಬದಲಾವಣೆಗೆ. ಡೈ ಬದಲಿಸಲು ಹೊತ್ತು ಹಿಡಿಯುತ್ತದೆಂಬ ಕಾರಣಕ್ಕೇ ನಾವು ದೊಡ್ಡ ಬ್ಯಾಚ್ ಹೊಡೆಯುತ್ತೇವೆ. ಹೆಚ್ಚಾದ ಮಾಲು ರ‍್ಯಾಕ್‌ನಲ್ಲಿ ತುಕ್ಕು ಹಿಡಿಯುತ್ತದೆ, ಗ್ರಾಹಕರು ಡ್ರಾಯಿಂಗ್ ಬದಲಿಸಿದರೆ ಗುಜರಿಗೆ ಹೋಗುತ್ತದೆ, ಅದಕ್ಕೆ ವ್ಯಯವಾದ ಉಕ್ಕು ಮತ್ತು ವಿದ್ಯುತ್ತೂ ಅದರೊಂದಿಗೇ ಹೋಗುತ್ತವೆ. ಟೊಯೋಟಾದ ಉತ್ಪಾದನಾ ಪದ್ಧತಿಯನ್ನು ರೂಪಿಸಿದ ತೈಇಚಿ ಓನೊ ಏಳು ಬಗೆಯ ವ್ಯರ್ಥಗಳಲ್ಲಿ ಅತಿ ಉತ್ಪಾದನೆಯನ್ನೇ ಎಲ್ಲಕ್ಕಿಂತ ಕೆಟ್ಟದ್ದೆಂದು ಎಣಿಸಿದ್ದು ಇದೇ ಕಾರಣಕ್ಕೆ.

ಡೈ ಕೂರಿಸುವ ಸೆಟ್ಟರ್‌ಗೆ ಉದ್ದೇಶವನ್ನು ತಿಳಿಸಿ, ಒಪ್ಪಿಗೆ ಪಡೆದು, ಹಳೆಯ ಡೈನ ಕೊನೆಯ ಪೀಸ್‌ನಿಂದ ಹೊಸ ಡೈನ ಮೊದಲ ಸರಿಯಾದ ಪೀಸ್‌ವರೆಗಿನ ಕೆಲಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಅವರೊಂದಿಗೇ ಕುಳಿತು ಪ್ರತಿ ಕೆಲಸಕ್ಕೂ ಹಿಡಿದ ಸಮಯವನ್ನು ಬರೆದುಕೊಳ್ಳಿ. ಡೈ ತರುವುದು, ಸ್ಪ್ಯಾನರ್ ಹುಡುಕುವುದು, ಮುಂದಿನ ಕಾಯಿಲ್ (ತಗಡಿನ ಸುರುಳಿ) ಹೊಂದಿಸುವುದು ಮೊದಲಾದವನ್ನು ಪ್ರೆಸ್ ಓಡುತ್ತಿರುವಾಗಲೇ ಮುಗಿಸಬಹುದು. ಇವನ್ನು ಹೊರಗೆ ತಂದರೆ ಹಣ ಖರ್ಚಿಲ್ಲದೆಯೇ ಸಾಕಷ್ಟು ಸಮಯ ಉಳಿಯುತ್ತದೆ. ಆನಂತರ ಪ್ರೆಸ್ ನಿಂತಾಗಲೇ ಮಾಡಬೇಕಾದ ಕೆಲಸವನ್ನು ಕಿರಿದುಗೊಳಿಸಿ: ಪ್ಯಾಕಿಂಗ್ ಪ್ಲೇಟ್ ಕೊಟ್ಟು ಎಲ್ಲ ಡೈಗಳ ಎತ್ತರವನ್ನು ಒಂದೇ ಮಾಡಿದರೆ ಮೇಲಿನಿಂದ ಇಳಿದು ಒತ್ತುವ ರ‍್ಯಾಮ್ ಹೊಂದಿಸುವ ಗೋಜಿರುವುದಿಲ್ಲ, ಲೊಕೇಟಿಂಗ್ ಪಿನ್ ಕೂರಿಸಿದರೆ ಡೈಯನ್ನು ತಟ್ಟಿ ತಟ್ಟಿ ಸರಿಪಡಿಸಬೇಕಿಲ್ಲ. ಜಪಾನಿನ ಕೈಗಾರಿಕಾ ಎಂಜಿನಿಯರ್ ಶಿಗೆಒ ಶಿಂಗೊ ಅವರು ಟೊಯೋಟಾದ 1000 ಟನ್ ಪ್ರೆಸ್‌ನಲ್ಲಿ ನಾಲ್ಕು ಗಂಟೆಯ ಬದಲಾವಣೆಯನ್ನು 3 ನಿಮಿಷಕ್ಕೆ ಇಳಿಸಿದ್ದು ಇದೇ ಕ್ರಮದಿಂದ. ಮೇನ್ ಸ್ವಿಚ್‌ಗೆ ಬೀಗ ಹಾಕುವುದನ್ನೂ ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಡುವುದನ್ನೂ ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿ. ಬೆರಳು ಕಳೆದುಕೊಂಡ ಕಾರ್ಮಿಕನಿಗೆ ಉಳಿಸಿದ ನಿಮಿಷಗಳಿಂದ ಏನೂ ಸಿಗುವುದಿಲ್ಲ.

ಉಳಿಸಿದ ಸಮಯದಲ್ಲಿ ಇನ್ನಷ್ಟು ಪೀಸ್ ಹೊಡೆಯುವ ಬದಲು ಬ್ಯಾಚನ್ನು ಅರ್ಧಕ್ಕೆ ಇಳಿಸಿ, ಎರಡು ಪಟ್ಟು ಸಲ ಡೈ ಬದಲಿಸಿ.

ಡೈ ಬದಲಾವಣೆಯ ನಂತರ ಗಮನ ಕೊಡಬೇಕಾದದ್ದು ಯಂತ್ರಗಳಿಗೆ ಒತ್ತಡದ ಗಾಳಿ ಒದಗಿಸುವ ಕಂಪ್ರೆಸರ್. ಏಳು ಬಾರ್ ಒತ್ತಡದಲ್ಲಿ ಗಾಳಿಯ ಕೊಳವೆಯಲ್ಲಿನ 3 ಮಿಲಿಮೀಟರ್ ರಂಧ್ರವೊಂದು ಸುಮಾರು 3 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತದೆ. ರಜಾದಿನ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ ಕಂಪ್ರೆಸರ್ ಒಂದನ್ನೇ ಓಡಿಸಿ, ಅದು ಲೋಡ್ ಆಗಿರುವ (ಗಾಳಿ ತುಂಬುತ್ತಿರುವ) ಮತ್ತು ಅನ್‌ಲೋಡ್ ಆಗಿರುವ (ತುಂಬದೆ ಸುಮ್ಮನೆ ಓಡುತ್ತಿರುವ) ಸಮಯಗಳನ್ನು ಹಲವು ಸುತ್ತು ಅಳೆಯಿರಿ. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸೋರಿಕೆಯ ಶೇಕಡಾವಾರು ಸಿಗುತ್ತದೆ: 1 ನಿಮಿಷ ಲೋಡ್, 3 ನಿಮಿಷ ಅನ್‌ಲೋಡ್ ಆದರೆ ಶೇ 25. ಇದನ್ನು ಶೇ 10ರೊಳಗೆ ತರಬೇಕು. ಸೋಪಿನ ನೀರು ಹಚ್ಚಿ ಗುಳ್ಳೆಯೇಳುವ ಕಪ್ಲಿಂಗ್, ಹೋಸ್‌ಗಳಿಗೆ ಚೀಟಿ ಕಟ್ಟಿ, ದುರಸ್ತಿ ಮಾಡಿ, ಮತ್ತೆ ಅಳೆಯಿರಿ.

ಪರಿಣಾಮವನ್ನು ತಿಳಿಯಲು ಸಾವಿರ ಒಳ್ಳೆಯ ಪೀಸ್‌ಗೆ ಎಷ್ಟು ಯೂನಿಟ್ ವಿದ್ಯುತ್ತು, ಎಷ್ಟು ಕಿಲೋ ಗುಜರಿ ಎಂಬುದನ್ನು ಪ್ರತಿ ತಿಂಗಳು ಬರೆದಿಡಿ. ಹೊರಗಿನ ಸಲಹೆಗಾರರು ಬೇಕೆನಿಸಿದರೆ, ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಪಡೆದ ಘಟಕಗಳು ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಎಂಎಸ್‌ಎಂಇ ಕಾಂಪಿಟಿಟಿವ್ ಲೀನ್ ಯೋಜನೆಗೆ ಅರ್ಜಿ ಸಲ್ಲಿಸಬಹುದು. ಸಲಹಾ ಶುಲ್ಕದ ಬಹುಪಾಲನ್ನು ಸರ್ಕಾರವೇ ಭರಿಸುತ್ತದೆ.